ತಟ್ಟೆಯಲ್ಲಿ ಅಕ್ಕಿ ಇಲ್ಲದಿದ್ದರೆ ಅನ್ನವೂ ಇಲ್ಲವೇ?

ಪ್ರಶ್ನೆ: ನನಗೆ 64 ವರ್ಷ, ತಿಪಟೂರಿನ ಕಡೆಯವನು. ಉಪನಯನವಾದಂದಿನಿಂದ ಇಂದಿನವರೆಗೆ ಪರಿಷೇಚನೆ, ಅಂದರೆ ಮಂತ್ರ ಹೇಳಿ ತಟ್ಟೆಯ ಸುತ್ತ ನೀರು ಸುತ್ತುವುದು, ಮಾಡದೆ ಊಟಕ್ಕೆ ಕೈ ಹಾಕಿದವನಲ್ಲ. ಈಗ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ರಾಗಿ, ನವಣೆ ಉಣ್ಣಿ ಎಂದು ವೈದ್ಯರು ಹೇಳಿದ್ದಾರೆ. ತೈತ್ತಿರೀಯ ಉಪನಿಷತ್ತಿನಲ್ಲಿ ‘ಅನ್ನಂ ನ ನಿಂದ್ಯಾತ್’, ‘ಅನ್ನಂ ನ ಪರಿಚಕ್ಷೀತ’, ಅಂದರೆ ಅನ್ನವನ್ನು ಹಳಿಯಬಾರದು, ತಳ್ಳಬಾರದು ಎಂದಿದೆ. ಅನ್ನ ಬಿಟ್ಟರೆ ಈ ವ್ರತ ಮುರಿದಂತಾಗುವುದಿಲ್ಲವೇ? ಅನ್ನವೇ ಇಲ್ಲದ ತಟ್ಟೆಗೆ ಪರಿಷೇಚನೆ ಮಾಡಬಹುದೇ? ಇನ್ನೊಂದು ಗೊಂದಲವೂ ಇದೆ. ಅದೇ ಉಪನಿಷತ್ತು ಒಂದು ಕಡೆ ಅನ್ನವೇ ಬ್ರಹ್ಮ ಎನ್ನುತ್ತದೆ, ಇನ್ನೊಂದು ಕಡೆ ಅನ್ನಮಯವನ್ನು, ಅಂದರೆ ಅನ್ನದಿಂದಾದ ದೇಹವನ್ನು, ತೀರಾ ಹೊರಗಿನದು ಎನ್ನುತ್ತದೆ, ಕೊನೆಗೆ ‘ನಾನೇ ಅನ್ನ’ ಎಂದು ಹಾಡುತ್ತದೆ. ಒಂದು ಪದಕ್ಕೆ ಎಷ್ಟು ಅರ್ಥ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಉಪನಿಷತ್ತು ಹೇಳುವ ಅನ್ನ ಅಕ್ಕಿ ಬೇಯಿಸಿದ ಅನ್ನವಲ್ಲ. ವೈದ್ಯರ ಮಾತು ಕೇಳಿ ಅಕ್ಕಿ ಬಿಟ್ಟರೆ ನೀವು ಯಾವ ವ್ರತವನ್ನೂ ಮುರಿದಂತಾಗುವುದಿಲ್ಲ. ಇಷ್ಟನ್ನೇ ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ನಿಮ್ಮ ಎರಡನೆಯ ಪ್ರಶ್ನೆ ಬಹಳ ದೊಡ್ಡದು. ಬಹಳ ವರ್ಷ ತೈತ್ತಿರೀಯದ ಪಾಠ ಹೇಳಿದ ನನಗೆ ಈ ಒಂದು ಪದದ ಮೇಲೆ ಇರುವ ಪ್ರೀತಿಯೂ ದೊಡ್ಡದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅನ್ನ ಎಂದರೆ ಅಕ್ಕಿಯಲ್ಲ ಎಂಬುದಕ್ಕೆ ಸಾಕ್ಷಿ ನಿಮ್ಮ ಬಾಯಲ್ಲೇ ಇದೆ. ರುದ್ರ ಹೇಳಿದ ಮೇಲೆ ಚಮಕ ಹೇಳುತ್ತೀರಲ್ಲ, ನನಗೆ ಇದಿರಲಿ, ಅದಿರಲಿ ಎಂದು ಬೇಡುವ ಆ ವೇದಮಂತ್ರದ ನಾಲ್ಕನೆಯ ಅನುವಾಕವನ್ನು, ಅಂದರೆ ಖಂಡವನ್ನು, ನೆನಪಿಸಿಕೊಳ್ಳಿ. ‘ಅನ್ನಂ ಚ ಮೇಽಕ್ಷುಚ್ಚ ಮೇ’ ಎಂದು ಬರುತ್ತದೆ: ನನಗೆ ಅನ್ನವಿರಲಿ, ಹಸಿವಿಲ್ಲದಿರಲಿ. ಅದಾದ ಮೇಲೆ ‘ವ್ರೀಹಯಶ್ಚ ಮೇ ಯವಾಶ್ಚ ಮೇ ಮಾಷಾಶ್ಚ ಮೇ ತಿಲಾಶ್ಚ ಮೇ’ ಎಂದು ಧಾನ್ಯಗಳ ಸಾಲು ತೊಡಗುತ್ತದೆ. ಭತ್ತ, ಜವೆ, ಉದ್ದು, ಎಳ್ಳು, ಹೆಸರು, ಗೋಧಿ, ಮಸೂರ ಎಲ್ಲ ಬಂದು, ಪ್ರಿಯಂಗು, ಅಣು, ಶ್ಯಾಮಾಕ, ನೀವಾರಕ್ಕೆ ನಿಲ್ಲುತ್ತದೆ. ಪ್ರಿಯಂಗು ಎಂದರೆ ನವಣೆ. ಅಣು ಎಂದರೆ ಬರಗು. ಶ್ಯಾಮಾಕ ಎಂದರೆ ಸಾಮೆ. ನೀವಾರ ಎಂದರೆ ಬಿತ್ತದೆ ತಾನಾಗಿ ಬೆಳೆಯುವ ಕಾಡು ಭತ್ತ. ಅನ್ನವೆಂದರೆ ಭತ್ತದ್ದೇ ಆಗಿದ್ದರೆ, ಅನ್ನವನ್ನು ಕೇಳಿದ ಬಾಯಿ ಮತ್ತೆ ವ್ರೀಹಿಯನ್ನು ಬೇರೆಯಾಗಿ ಕೇಳುತ್ತಿರಲಿಲ್ಲ. ವೈದ್ಯರು ನಿಮಗೆ ಹೇಳಿದ ನವಣೆಯನ್ನು ನೀವು ಇಷ್ಟು ವರ್ಷ ದೇವರಲ್ಲಿ ಹೆಸರು ಹಿಡಿದು ಬೇಡುತ್ತಲೇ ಬಂದಿದ್ದೀರಿ.

ಹಾಗಾದರೆ ಅನ್ನಕ್ಕೆ ಅಕ್ಕಿಯ ಅರ್ಥ ಎಲ್ಲಿಂದ ಬಂತು? ಅದು ಕನ್ನಡದಲ್ಲಿ ಮಾತ್ರ ಆದ ಬದಲಾವಣೆ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಬೆಂದ ಅಕ್ಕಿಗೆ ವೈದಿಕರ ಮಾತು ‘ಓದನ’. ಅಮರಕೋಶದ ಕಾಲಕ್ಕೆ ಭಕ್ತ, ಅಂಧಸ್, ಅನ್ನ, ಓದನ ಎಲ್ಲವೂ ಒಂದೇ ಸಾಲಿಗೆ ಬಂದು ಕುಳಿತಿವೆ. ಅಂದರೆ ಸಂಸ್ಕೃತದಲ್ಲೇ ಈ ಪದ ಒಂದು ಹೆಜ್ಜೆ ಕುಗ್ಗಿತ್ತು. ಕನ್ನಡ ಆ ಕುಗ್ಗಿದ ಅರ್ಥವನ್ನೂ ಇಟ್ಟುಕೊಂಡಿತು, ಹಿಗ್ಗಿದ ಅರ್ಥವನ್ನೂ ಬಿಡಲಿಲ್ಲ. ‘ಇನ್ನೊಂದು ಸಟ್ಟುಗ ಅನ್ನ ಹಾಕಿ’ ಎಂದರೆ ಅಕ್ಕಿಯದು. ‘ಅನ್ನ ನೀರು ಬಿಟ್ಟು ಕೂತಿದ್ದಾನೆ’ ಎಂದರೆ ಮುದ್ದೆಯನ್ನೂ ರೊಟ್ಟಿಯನ್ನೂ ಬಿಟ್ಟಿದ್ದಾನೆ ಎಂದೇ ಅರ್ಥ. ‘ಅನ್ನದ ಋಣ’ ಎನ್ನುವಾಗ ಯಾರೂ ಅದು ಯಾವ ಧಾನ್ಯದ್ದು ಎಂದು ಕೇಳುವುದಿಲ್ಲ. ಇದೇ ಋಣವನ್ನು ನಮ್ಮ ಹಿರಿಯರು ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂದರು: ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕಾದ ಕಟ್ಟು. ಆ ಮಾತಿನಲ್ಲಿ ಜೋಳವೆಂದರೆ ಅನ್ನವೇ. ನಾಡಿನ ಒಂದೊಂದು ಸೀಮೆ ತನ್ನ ತಟ್ಟೆಯಲ್ಲಿ ಏನಿತ್ತೋ ಅದಕ್ಕೆ ಅನ್ನದ ಗೌರವವನ್ನು ಕೊಟ್ಟಿದೆ.

ಈಗ ಪದದ ಒಳಗೆ ಇಳಿಯೋಣ. ತಿನ್ನುವುದು ಎಂಬ ಅರ್ಥದ ‘ಅದ್’ ಧಾತುವಿನಿಂದ ಅನ್ನ ಹುಟ್ಟಿದೆ. ಪಾಣಿನಿಯ ಸಾಮಾನ್ಯ ನಿಯಮದಂತೆ ಹೋದರೆ ‘ತಿನ್ನಲ್ಪಟ್ಟದ್ದು’ ಎಂಬುದಕ್ಕೆ ‘ಜಗ್ಧ’ ಎಂಬ ರೂಪ ಬರುತ್ತದೆ. ಆಹಾರ ಎಂಬ ಅರ್ಥದಲ್ಲಿ ಮಾತ್ರ ‘ಅನ್ನ’ ಉಳಿದುಕೊಂಡಿದೆ. ಇದು ವ್ಯಾಕರಣದ ಮಾತು. ಉಪನಿಷತ್ತಿನ ಋಷಿಗೆ ಇಷ್ಟು ಸಾಲಲಿಲ್ಲ. ತೈತ್ತಿರೀಯದ ಆನಂದವಲ್ಲಿ ಎಂಬ ಅಧ್ಯಾಯದಲ್ಲಿ ಅವನು ಪದವನ್ನು ಬಿಡಿಸಿ ತನ್ನದೇ ನಿರ್ವಚನ ಕೊಡುತ್ತಾನೆ: ‘ಅದ್ಯತೇಽತ್ತಿ ಚ ಭೂತಾನಿ, ತಸ್ಮಾದನ್ನಂ ತದುಚ್ಯತೇ’. ಜೀವಿಗಳು ಅದನ್ನು ತಿನ್ನುತ್ತವೆ, ಅದೂ ಜೀವಿಗಳನ್ನು ತಿನ್ನುತ್ತದೆ. ಆದ್ದರಿಂದ ಅದು ಅನ್ನ.

ಈ ಎರಡನೆಯ ಅರ್ಧವನ್ನು ಪಾಠದಲ್ಲಿ ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚುತ್ತೇನೆ. ಅನ್ನ ನಮ್ಮನ್ನು ತಿನ್ನುತ್ತದೆ ಎಂದರೆ ಏನು? ತೈತ್ತಿರೀಯ ಬ್ರಾಹ್ಮಣ ಎಂಬ ವೇದಭಾಗದ ಅನ್ನಸೂಕ್ತ ಇನ್ನೂ ನೇರವಾಗಿ ಹೇಳುತ್ತದೆ: ‘ಅನ್ನಂ ಮೃತ್ಯುಂ ತಮು ಜೀವಾತುಮಾಹುಃ’. ಅನ್ನವನ್ನು ಮೃತ್ಯು ಎನ್ನುತ್ತಾರೆ, ಅದನ್ನೇ ಬದುಕಿಸುವುದು ಎಂದೂ ಎನ್ನುತ್ತಾರೆ. ಅದರ ಮುಂದೆಯೇ, ಅನ್ನವೇ ಮುಪ್ಪು, ಅನ್ನವೇ ಸಂತಾನದ ಹುಟ್ಟು ಎಂಬ ಮಾತುಗಳು ಬರುತ್ತವೆ. ಸಕ್ಕರೆ ಕಾಯಿಲೆಯವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. 60 ವರ್ಷ ಸಾಕಿದ ಅನ್ನವೇ ಇಂದು ರಕ್ತದಲ್ಲಿ ನಿಂತು ಕಣ್ಣನ್ನೂ ಕಾಲನ್ನೂ ತಿನ್ನಲು ಹೊರಟಿದೆ. ಆನಂದವಲ್ಲಿ ಅನ್ನವನ್ನು ‘ಸರ್ವೌಷಧ’ ಎಂದದ್ದೂ ಈ ನಿರ್ವಚನದ ಪಕ್ಕದಲ್ಲೇ. ಔಷಧವೆಂದ ಮೇಲೆ ಯಾರಿಗೆ, ಯಾವಾಗ, ಎಷ್ಟು ಎಂಬ ವಿಚಾರ ಅದರಲ್ಲೇ ಅಡಗಿದೆ.

ನನ್ನ ಮಟ್ಟಿಗೆ ಈ ಪದದ ಕೀಲಿಕೈ ಇದು: ವೇದದಲ್ಲಿ ಅನ್ನ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಸಂಬಂಧದ ಹೆಸರು. ತಂದೆ ಎಂಬ ಪದ ಹೇಗೋ ಹಾಗೆ. ಮಗುವಿಲ್ಲದೆ ತಂದೆ ಎಂಬ ಹೆಸರು ಬರುವುದಿಲ್ಲ. ಉಣ್ಣುವವನಿಲ್ಲದೆ ಅನ್ನ ಎಂಬ ಹೆಸರು ನಿಲ್ಲುವುದಿಲ್ಲ. ಆದ್ದರಿಂದಲೇ ಅನ್ನದ ಜೊತೆಗೆ ‘ಅನ್ನಾದ’ ಎಂಬ ಪದ ನೆರಳಿನಂತೆ ಬರುತ್ತದೆ. ಅನ್ನಾದ ಎಂದರೆ ಅನ್ನವನ್ನು ಉಣ್ಣುವವನು. ಎಲ್ಲಿ ಅನ್ನ ಎಂದು ಕಂಡರೂ ‘ಇಲ್ಲಿ ಉಣ್ಣುವವನು ಯಾರು’ ಎಂದು ಕೇಳಿಕೊಳ್ಳಿ. ಆ ಜಾಗದ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ನೀವು ಕೇಳಿದ ವ್ರತಗಳಿರುವ, ಅದೇ ಉಪನಿಷತ್ತಿನ ಭೃಗುವಲ್ಲಿ ಎಂಬ ಅಧ್ಯಾಯದಲ್ಲೇ ಇದನ್ನು ಪ್ರಯೋಗಿಸಿ ನೋಡಿ. ‘ಅನ್ನಂ ನ ನಿಂದ್ಯಾತ್’ ಎಂದ ಕೂಡಲೇ ಋಷಿ ಹೇಳುವುದು ಧಾನ್ಯದ ಮಾತಲ್ಲ. ‘ಪ್ರಾಣೋ ವಾ ಅನ್ನಂ, ಶರೀರಮನ್ನಾದಂ’. ಇಲ್ಲಿ ಪ್ರಾಣವೇ ಅನ್ನ, ಉಣ್ಣುವುದು ಶರೀರ. ‘ಅನ್ನಂ ನ ಪರಿಚಕ್ಷೀತ’ ಎಂದ ಮೇಲೆ ನೀರು ಅನ್ನ, ಬೆಳಕು ಅನ್ನಾದ. ‘ಅನ್ನಂ ಬಹು ಕುರ್ವೀತ’, ಅನ್ನವನ್ನು ಹೆಚ್ಚಿಸು ಎಂದ ಮೇಲೆ ಭೂಮಿ ಅನ್ನ, ಆಕಾಶ ಅನ್ನಾದ. ಪ್ರತಿ ಜೋಡಿಯಲ್ಲೂ ಒಂದು ಇನ್ನೊಂದರಲ್ಲಿ ನೆಲೆ ನಿಂತಿದೆ ಎಂದು ತಿರುವಿ ಹೇಳುತ್ತಾನೆ: ಪ್ರಾಣದಲ್ಲಿ ಶರೀರ, ಶರೀರದಲ್ಲಿ ಪ್ರಾಣ, ‘ತದೇತದನ್ನಮನ್ನೇ ಪ್ರತಿಷ್ಠಿತಂ’, ಅನ್ನವು ಅನ್ನದಲ್ಲೇ ನಿಂತಿದೆ. ಉಣ್ಣುವವನೂ ಇನ್ನೊಂದು ದಿಕ್ಕಿನಿಂದ ಅನ್ನವೇ.

ಹಾಗಿದ್ದರೆ ‘ನ ಪರಿಚಕ್ಷೀತ’ ಎಂಬ ಮಾತು ಯಾವುದನ್ನು ತಡೆಯುತ್ತದೆ? ಶಂಕರರು ‘ನ ಪರಿಹರೇತ್’, ತೊರೆಯಬಾರದು ಎಂದು ಅರ್ಥ ಬಿಡಿಸಿ, ಇದು ಒಳ್ಳೆಯದು ಅದು ಕೆಟ್ಟದ್ದು ಎಂಬ ಕಲ್ಪನೆಯಿಂದ ಅನ್ನವನ್ನು ದೂರ ಮಾಡದಿರುವುದೇ ಅನ್ನದ ಸ್ತುತಿ ಎನ್ನುತ್ತಾರೆ. ಇದನ್ನು ನಿಮ್ಮ ತಟ್ಟೆಗೆ ತಂದು ನೋಡಿ. ದೇಹಕ್ಕೆ ಸಲ್ಲದ್ದನ್ನು ಗೌರವದಿಂದ ಪಕ್ಕಕ್ಕಿಡುವವನು ಅನ್ನವನ್ನು ಹಳಿದಿಲ್ಲ. ಬೆಳ್ಳಗಿನ ಅಕ್ಕಿ ಮೇಲು, ಕಪ್ಪು ಮುದ್ದೆ ಕೀಳು ಎಂದು ಮೂಗು ಮುರಿಯುವವನೇ ವ್ರತ ಮುರಿಯುವವನು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ವ್ರೀಹಿ ನರೆದಲೆಗವನ್ನು, ಅಂದರೆ ಅಕ್ಕಿ ರಾಗಿಯನ್ನು ಹಳಿಯುವುದು ಹೀಗೆಯೇ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ತೆಗೆದಾಗ ಕುಂದದೆ ಉಳಿದ ರಾಗಿಗೆ ರಾಮ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲ; ಚಮಕದ ಪಟ್ಟಿಯಲ್ಲಿ ಅದಿಲ್ಲ. ಆದರೂ ಈ ನೆಲದ ಕವಿ ಅದಕ್ಕೆ ದೇವರ ಹೆಸರು ಕೊಡಿಸಿದರು. ‘ಅನ್ನಂ ನ ನಿಂದ್ಯಾತ್’ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಕಂಡಿಲ್ಲ.

ಇನ್ನು ಅನ್ನ ಬ್ರಹ್ಮವೋ ಹೊರಗಿನ ಹೊದಿಕೆಯೋ ಎಂಬ ಪ್ರಶ್ನೆ. ಇಲ್ಲಿ ಎರಡು ವಲ್ಲಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಆನಂದವಲ್ಲಿಯಲ್ಲಿ ಅನ್ನರಸಮಯನಾದ ಪುರುಷನಿಂದ ತೊಡಗಿ ಒಂದರೊಳಗೊಂದು ಆತ್ಮವನ್ನು ತೋರಿಸುತ್ತಾ ಆನಂದಮಯದವರೆಗೆ ಹೋಗುತ್ತಾರೆ. ಆ ಐದಕ್ಕೆ ಉಪನಿಷತ್ತು ‘ಕೋಶ’ ಎಂಬ ಹೆಸರನ್ನು ಬಳಸಿಲ್ಲ. ಅದು ಭಾಷ್ಯದ ಮಾತು. ಅಲ್ಲಿ ಶಂಕರರು ಕೊಡುವ ಹೋಲಿಕೆ ಹಲವು ಹೊಟ್ಟುಗಳಿರುವ ಕೋದ್ರವದ್ದು. ಕೋದ್ರವ ಎಂದರೆ ನಮ್ಮ ಹಾರಕ. ಹಾರಕವನ್ನು ಒರಳಿಗೆ ಹಾಕಿ ಕುಟ್ಟಿದವರಿಗೆ ಈ ಹೋಲಿಕೆಯ ರುಚಿ ಗೊತ್ತು. ಒಂದು ಸುತ್ತು ಕುಟ್ಟಿ ಮೊರದಲ್ಲಿ ಕೇರಿದರೆ ಮೇಲಿನ ಸಿಪ್ಪೆ ಹಾರುತ್ತದೆ. ಕಾಳು ಇನ್ನೂ ಕಂದಾಗಿಯೇ ಇರುತ್ತದೆ. ಮತ್ತೆ ಕುಟ್ಟಬೇಕು, ಮತ್ತೆ ಕೇರಬೇಕು. ಭತ್ತದಂತೆ ಒಂದೇ ಹೊಟ್ಟಲ್ಲ ಅದಕ್ಕೆ. ಹಾಗೆ ಐದು ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಅಕ್ಕಿ ಬ್ರಹ್ಮ. ಈ ಓದಿನಲ್ಲಿ ಅನ್ನಮಯ ಮೊದಲ ಸಿಪ್ಪೆ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಅನ್ನಮಯದಿಂದ ಆನಂದಮಯದವರೆಗೆ ಐದೂ ವಿಷ್ಣುವಿನ ರೂಪಗಳೇ, ಅವುಗಳಲ್ಲಿ ಬಿಸಾಡುವಂಥ ಹೊಟ್ಟು ಇಲ್ಲ ಎಂಬುದು ಅವರ ನಿಲುವು. ನೀವು ಯಾವ ಪರಂಪರೆಯವರೋ ನನಗೆ ಗೊತ್ತಿಲ್ಲ. ಅವರವರ ಓದನ್ನು ಅವರವರು ಗೌರವದಿಂದ ಹಿಡಿಯಲಿ.

ಭೃಗುವಲ್ಲಿಯ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ವರುಣನ ಮಗ ಭೃಗು ತಪಸ್ಸು ಮಾಡಿ ಅನ್ನವೇ ಬ್ರಹ್ಮ ಎಂದು ತಿಳಿಯುತ್ತಾನೆ. ಸಾಲದೆಂದು ತಂದೆಯ ಬಳಿಗೆ ಬರುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ ಎಂದು ಮುಂದುವರಿದು ಆರನೆಯ ಅನುವಾಕದಲ್ಲಿ ಆನಂದವೇ ಬ್ರಹ್ಮ ಎಂಬಲ್ಲಿಗೆ ಮುಟ್ಟುತ್ತಾನೆ. ಅನ್ನ ಬರಿಯ ಮೊದಲ ಮೆಟ್ಟಿಲಾಗಿದ್ದರೆ ಗ್ರಂಥ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಏಳನೆಯ ಅನುವಾಕದಿಂದ ಹತ್ತನೆಯದರವರೆಗೆ ಮತ್ತೆ ಅನ್ನ, ಅನ್ನ, ಅನ್ನ. ನೀವು ಉಲ್ಲೇಖಿಸಿದ ವ್ರತಗಳೆಲ್ಲ ಆನಂದ ತಿಳಿದಾದ ಮೇಲೆ ಬರುತ್ತವೆ. ಹತ್ತನೆಯದು ‘ನ ಕಂಚನ ವಸತೌ ಪ್ರತ್ಯಾಚಕ್ಷೀತ’ ಎಂದು ತೊಡಗುತ್ತದೆ: ತಂಗಲು ಬಂದ ಯಾರನ್ನೂ ಇಲ್ಲವೆಂದು ಕಳಿಸಬೇಡ, ಹೇಗಾದರೂ ಮಾಡಿ ಹೆಚ್ಚು ಅನ್ನ ಕೂಡಿಸಿಕೋ, ಬಂದವನಿಗೆ ‘ಅಡುಗೆ ಸಿದ್ಧವಾಗಿದೆ’ ಎಂದು ಹೇಳು. ಶಿಖರ ಮುಟ್ಟಿದವನನ್ನು ಉಪನಿಷತ್ತು ಅಡುಗೆಮನೆಯ ಬಾಗಿಲಿಗೆ ಕರೆತಂದು ನಿಲ್ಲಿಸುತ್ತದೆ. ಈ ಜೋಡಣೆ ಆಕಸ್ಮಿಕ ಎಂದು ನಾನು ನಂಬುವುದಿಲ್ಲ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯಕ್ಕೆ ಹೋದರೆ ಅದೇ ಪದ ಬೇರೆ ಬಟ್ಟೆ ತೊಟ್ಟಿರುತ್ತದೆ. ಸತ್ತಿನಿಂದ, ಅಂದರೆ ಮೂಲದ ಇರವಿನಿಂದ, ತೇಜಸ್ಸು, ತೇಜಸ್ಸಿನಿಂದ ನೀರು, ನೀರಿನಿಂದ ಅನ್ನ ಹುಟ್ಟಿತು ಎನ್ನುತ್ತಾನೆ ಉದ್ದಾಲಕ. ನೀರಿನಿಂದ ಅನ್ನವೇ? ಮಳೆ ಬಿದ್ದಲ್ಲಿ ಅನ್ನ ಹೇರಳವಾಗುತ್ತದೆ ಎಂದು ಅವನೇ ಕಾರಣ ಕೊಡುತ್ತಾನೆ. ಆದರೆ ಮುಂದೆ, ಬೆಂಕಿಯಲ್ಲಿ ಕಾಣುವ ಕೆಂಪು ತೇಜಸ್ಸಿನದು, ಬಿಳಿ ನೀರಿನದು, ಕಪ್ಪು ಅನ್ನದ್ದು ಎಂಬ ಮಾತಿದೆ. ಅಕ್ಕಿಯಾಗಲಿ ಜವೆಯಾಗಲಿ ಕಪ್ಪಲ್ಲ. ಉಪನಿಷತ್ತಿನ ವಾಕ್ಯಗಳಿಗೆ ಅರ್ಥ ನಿರ್ಣಯಿಸುವ ಬ್ರಹ್ಮಸೂತ್ರ ಇದನ್ನೇ ಹಿಡಿದು ತೀರ್ಮಾನ ಕೊಡುತ್ತದೆ: ‘ಪೃಥಿವ್ಯಧಿಕಾರರೂಪಶಬ್ದಾಂತರೇಭ್ಯಃ’. ಭೂತಗಳ ಪ್ರಕರಣವಾದ್ದರಿಂದ, ಕಪ್ಪು ಬಣ್ಣ ಹೇಳಿದ್ದರಿಂದ, ಬೇರೆ ಶ್ರುತಿಯಲ್ಲಿ ನೀರಿನಿಂದ ಭೂಮಿ ಎಂದಿರುವುದರಿಂದ, ಇಲ್ಲಿ ಅನ್ನ ಎಂದರೆ ಭೂಮಿ. ಎರೆಭೂಮಿಯಲ್ಲಿ ನಿಂತು ಈ ಸೂತ್ರ ಓದಿದವರಿಗೆ ಟೀಕೆ ಬೇಕಾಗುವುದಿಲ್ಲ.

ಅದೇ ಅಧ್ಯಾಯದಲ್ಲಿ ಅನ್ನ ಇದ್ದಕ್ಕಿದ್ದಂತೆ ಮನಸ್ಸಾಗುತ್ತದೆ. ಉಂಡ ಅನ್ನದ ಸ್ಥೂಲ ಭಾಗ ಮಲ, ನಡುವಿನದು ಮಾಂಸ, ಅತಿ ಸೂಕ್ಷ್ಮವಾದದ್ದು ಮನಸ್ಸು. ಉದ್ದಾಲಕನ ಮಗ ಶ್ವೇತಕೇತು ಇನ್ನೂ ತಿಳಿಸಿಕೊಡಿ ಎನ್ನುತ್ತಾನೆ. ಅಪ್ಪ ವಾದ ಮಾಡುವುದಿಲ್ಲ. ‘15 ದಿನ ಉಣ್ಣಬೇಡ, ನೀರು ಬೇಕಾದಷ್ಟು ಕುಡಿ, ಪ್ರಾಣ ನೀರಿನಿಂದಾದದ್ದು, ಕಡಿದುಹೋಗುವುದಿಲ್ಲ’ ಎನ್ನುತ್ತಾನೆ. 15 ದಿನ ಕಳೆದು ಬಂದ ಮಗನಿಗೆ ಋಕ್ಕು, ಯಜುಸ್ಸು, ಸಾಮ ಹೇಳೆಂದರೆ ‘ಒಂದೂ ಹೊಳೆಯುತ್ತಿಲ್ಲ’ ಎನ್ನುತ್ತಾನೆ. ದೊಡ್ಡ ಬೆಂಕಿ ಆರಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದು ಹೆಚ್ಚೇನನ್ನೂ ಸುಡಲಾರದು. ನಿನ್ನ 16 ಕಲೆಗಳಲ್ಲಿ, ಅಂದರೆ ಭಾಗಗಳಲ್ಲಿ, ಒಂದೇ ಉಳಿದಿದೆ, ಹೋಗಿ ಉಂಡು ಬಾ ಎನ್ನುತ್ತಾನೆ ಅಪ್ಪ. ಉಂಡು ಬಂದ ಮಗ ಕೇಳಿದ್ದನ್ನೆಲ್ಲ ಹೇಳುತ್ತಾನೆ. ಹನ್ನೆರಡು ವರ್ಷ ವೇದ ಕಲಿತು ಬೀಗುತ್ತಾ ಬಂದವನಿಗೆ ವೇದ ನಿಂತಿರುವುದು ಊಟದ ಮೇಲೆ ಎಂಬುದನ್ನು ಹಸಿವೇ ಕಲಿಸಿತು. ಹಸಿದ ಮಕ್ಕಳಿಗೆ ಪಾಠ ಹೇಳಬೇಕಾಗಿ ಬಂದ ಯಾವ ಮೇಷ್ಟರೂ ಈ ಕಥೆಯನ್ನು ಮರೆಯಲಾರರು.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಅನ್ನ ಏಳಾಗುತ್ತದೆ. ಪ್ರಜಾಪತಿ ಏಳು ಅನ್ನಗಳನ್ನು ಸೃಷ್ಟಿಸಿದ. ಒಂದು ಎಲ್ಲರಿಗೂ ಸೇರಿದ್ದು; ಇದನ್ನು ತನ್ನದೇ ಎಂದು ಹಿಡಿದವನಿಗೆ ಪಾಪ ಬಿಡುವುದಿಲ್ಲ, ಏಕೆಂದರೆ ಅದು ಎಲ್ಲರದೂ ಬೆರೆತದ್ದು. ಎರಡು ದೇವತೆಗಳಿಗೆ. ಮೂರನ್ನು ತನಗೆ ಇಟ್ಟುಕೊಂಡ: ಮನಸ್ಸು, ಮಾತು, ಪ್ರಾಣ. ಒಂದನ್ನು ಪಶುಗಳಿಗೆ ಕೊಟ್ಟ: ಹಾಲು. ಹಾಲಿನ ಪಕ್ಕದಲ್ಲಿ ಋಷಿ ಹಟ್ಟಿಯ ಒಂದು ಮಾತನ್ನು ತಂದಿಡುತ್ತಾನೆ. ಆಗಷ್ಟೇ ಹುಟ್ಟಿದ ಕರುವನ್ನು ಜನ ‘ಅತೃಣಾದ’ ಎನ್ನುತ್ತಾರಂತೆ, ಇನ್ನೂ ಹುಲ್ಲು ಮುಟ್ಟದ್ದು ಎಂದು. ಮುಂದಿನ ಪ್ರಶ್ನೆ ಇನ್ನೂ ಚೆಂದ. ದಿನವೂ ತಿನ್ನುತ್ತಿದ್ದರೂ ಈ ಅನ್ನಗಳು ಏಕೆ ಮುಗಿದುಹೋಗುವುದಿಲ್ಲ? ‘ಪುರುಷೋ ವಾ ಅಕ್ಷಿತಿಃ’, ಮನುಷ್ಯನೇ ಅಕ್ಷಯ; ಅವನು ಬುದ್ಧಿಯಿಂದ, ಕೆಲಸದಿಂದ ಮತ್ತೆ ಮತ್ತೆ ಅನ್ನವನ್ನು ಹುಟ್ಟಿಸುತ್ತಾನೆ; ಹಾಗೆ ಮಾಡದಿದ್ದರೆ ಅದು ಮುಗಿದೇಹೋಗುತ್ತದೆ. ಅಕ್ಷಯಪಾತ್ರೆ ಎಲ್ಲಿದೆ ಎಂದು ಹುಡುಕುವವರಿಗೆ ಬೃಹದಾರಣ್ಯಕ ಉಳುವವನ ಕೈಯನ್ನು ತೋರಿಸುತ್ತದೆ.

ಈ ಪದಕ್ಕೆ ಕಹಿಯಾದ ಮುಖವೂ ಇದೆ. ಅದನ್ನು ಮುಚ್ಚಿಟ್ಟು ಉತ್ತರ ಬರೆಯುವುದು ಸರಿಯಲ್ಲ. ‘ಅನ್ನಂ ವೈ ಕ್ಷತ್ರಿಯಸ್ಯ ವಿಟ್’ ಎನ್ನುತ್ತದೆ ಶತಪಥ ಬ್ರಾಹ್ಮಣ: ಪ್ರಜೆಗಳು ಅರಸನ ಅನ್ನ. ಉಣ್ಣುವವನು ಯಾರು ಎಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಿ, ಉತ್ತರ ಎದೆ ಇರಿಯುತ್ತದೆ. ಕಪ್ಪ, ಕಂದಾಯ ಕೊಟ್ಟು ಆಳುವವರನ್ನು ಪೊರೆಯುವವರಿಗೆ ಅನ್ನ ಎಂಬ ಹೆಸರಾಯಿತು. ಇದೇ ಅರ್ಥ ಶಂಕರರಿಗೆ ಒಂದು ಕಡೆ ಕೆಲಸಕ್ಕೆ ಬಂದಿದೆ. ಕರ್ಮ ಮಾಡಿ ಚಂದ್ರಲೋಕಕ್ಕೆ ಹೋದವರು ದೇವತೆಗಳ ಅನ್ನವಾಗುತ್ತಾರೆ, ಅವರನ್ನು ದೇವತೆಗಳು ಭಕ್ಷಿಸುತ್ತಾರೆ ಎಂಬ ಛಾಂದೋಗ್ಯ ವಾಕ್ಯ ಕೇಳಿದವನು ಬೆದರಬಾರದಲ್ಲ? ಅಲ್ಲಿ ಅವರು ‘ಪ್ರಜೆಗಳು ಅರಸರ ಅನ್ನ, ಪಶುಗಳು ಪ್ರಜೆಗಳ ಅನ್ನ’ ಎಂಬ ಬಳಕೆಯನ್ನು ತೋರಿಸಿ, ಜಗಿದು ನುಂಗುವುದಲ್ಲ, ಭೋಗಕ್ಕೆ ಒದಗುವುದಷ್ಟೇ ಎನ್ನುತ್ತಾರೆ. ದೇವತೆಗಳು ತಿನ್ನುವುದೂ ಇಲ್ಲ ಕುಡಿಯುವುದೂ ಇಲ್ಲ, ಅಮೃತವನ್ನು ನೋಡಿಯೇ ತೃಪ್ತರಾಗುತ್ತಾರೆ ಎಂದು ಛಾಂದೋಗ್ಯವೇ ಬೇರೆಡೆ ಹೇಳಿದೆ.

ನುಂಗುವವನನ್ನೇ ನೇರವಾಗಿ ತೋರಿಸುವುದು ಕಠೋಪನಿಷತ್ತು. ಬ್ರಾಹ್ಮಣ, ಕ್ಷತ್ರಿಯ ಎರಡೂ ಯಾರಿಗೆ ಓದನವೋ, ಮೃತ್ಯು ಯಾರಿಗೆ ‘ಉಪಸೇಚನ’ವೋ, ಅವನು ಎಲ್ಲಿದ್ದಾನೆಂದು ಯಾರು ಬಲ್ಲರು? ಇಲ್ಲಿ ಅನ್ನವೆನ್ನದೆ ಓದನ ಎಂದದ್ದನ್ನು ಗಮನಿಸಿ; ಇದು ನಿಜಕ್ಕೂ ಬೆಂದ ಅಕ್ಕಿಯ ಚಿತ್ರ. ಉಪಸೇಚನ ಎಂದರೆ ಅದರ ಮೇಲೆ ಸುರಿದು ಕಲಸಿಕೊಳ್ಳುವ ತುಪ್ಪ, ಸಾರು. ಜಗತ್ತು ಒಂದು ತುತ್ತು, ಸಾವು ಅದರ ಮೇಲಿನ ಸಾರು. ಎಲ್ಲವನ್ನೂ ತಿನ್ನುವ ಸಾವೇ ಇಲ್ಲಿ ಬೇರೊಬ್ಬನ ತಟ್ಟೆಯಲ್ಲಿದೆ.

ಇಷ್ಟು ನೋಡಿದ ಮೇಲೆ ನಿಮ್ಮ ‘ಅಹಮನ್ನಂ’ ಕಷ್ಟವಾಗುವುದಿಲ್ಲ. ಭೃಗುವಲ್ಲಿಯ ಕೊನೆಯಲ್ಲಿ ತಿಳಿದವನು ‘ಹಾವು ಹಾವು ಹಾವು’ ಎಂಬ ಬೆರಗಿನ ಉದ್ಗಾರವನ್ನು ಸಾಮದ ದನಿಯಲ್ಲಿ ಹಾಡುತ್ತಾ ಮೂರು ಬಾರಿ ‘ನಾನು ಅನ್ನ’, ಮೂರು ಬಾರಿ ‘ನಾನು ಅನ್ನಾದ’ ಎನ್ನುತ್ತಾನೆ. ಮೊದಲು ಅನ್ನ, ಆಮೇಲೆ ಅನ್ನಾದ. ಉಣ್ಣುವವನೆಂಬ ಹಮ್ಮು ಕಳಚಿ, ತಾನೂ ಯಾರದೋ ತುತ್ತು ಎಂದು ಒಪ್ಪಿಕೊಂಡವನ ಬೆರಗು ಅದು. ‘ಯೋ ಮಾ ದದಾತಿ ಸ ಇದೇವ ಮಾವಾಃ’, ಯಾರು ನನ್ನನ್ನು ಕೊಡುತ್ತಾನೋ ಅವನೇ ನನ್ನನ್ನು ಕಾಯುತ್ತಾನೆ. ಕೊಡದೆ ಅನ್ನವನ್ನು ತಿನ್ನುವವನನ್ನು ಅನ್ನವಾದ ನಾನು ತಿನ್ನುತ್ತೇನೆ. ಋಗ್ವೇದದ ಭಿಕ್ಷುಸೂಕ್ತ ಹೇಳಿದ್ದೂ ಇದನ್ನೇ: ‘ಕೇವಲಾಘೋ ಭವತಿ ಕೇವಲಾದೀ’, ಒಬ್ಬನೇ ಉಣ್ಣುವವನು ಪಾಪವನ್ನಷ್ಟೇ ಉಣ್ಣುತ್ತಾನೆ. ಅನ್ನ ತಿನ್ನುತ್ತದೆ ಎಂಬ ಮಾತಿಗೆ ಕಾಯಿಲೆಯ ಅರ್ಥ ಒಂದಾದರೆ, ಇದು ಇನ್ನೊಂದು.

ಆಹಾರದ ವಿಷಯದಲ್ಲಿ ಕಟ್ಟುಪಾಡು ಸಡಿಲಿಸಬೇಕಾಗಿ ಬಂದಾಗ ಮನಸ್ಸು ಕುಗ್ಗುವುದು ಸಹಜ. ಆ ಕುಗ್ಗುವಿಕೆಗೆ ಛಾಂದೋಗ್ಯದ ಉಷಸ್ತಿ ಚಾಕ್ರಾಯಣ ಒಳ್ಳೆಯ ಸಂಗಾತಿ. ಆಲಿಕಲ್ಲು ಬಿದ್ದು ಕುರುದೇಶದ ಬೆಳೆ ಹಾಳಾದಾಗ ಅವನು ಹಸಿದು ಒಬ್ಬ ಮಾವುತನ ಬಳಿ ಹೋಗುತ್ತಾನೆ. ಮಾವುತ ತಾನು ತಿನ್ನುತ್ತಿದ್ದ ಎಂಜಲು ಕುಲ್ಮಾಷ, ಅಂದರೆ ಬೇಯಿಸಿದ ಅಗ್ಗದ ಕಾಳು, ಅಲ್ಲದೆ ಬೇರೆ ಇಲ್ಲ ಎನ್ನುತ್ತಾನೆ. ‘ಅದನ್ನೇ ಕೊಡು’ ಎಂದು ಉಷಸ್ತಿ ಇಸಿದುಕೊಂಡು ತಿನ್ನುತ್ತಾನೆ. ಮಾವುತ ಕುಡಿಯಲು ತನ್ನ ನೀರನ್ನು ಕೊಟ್ಟರೆ ಮಾತ್ರ ಉಷಸ್ತಿ ‘ಎಂಜಲಾಗುತ್ತದೆ’ ಎನ್ನುತ್ತಾನೆ. ‘ಕಾಳು ಎಂಜಲಲ್ಲವೇ?’ ಎಂದು ಮಾವುತ ಕೇಳಿದರೆ ಉಷಸ್ತಿಯ ಉತ್ತರ: ‘ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರು ನನಗೆ ಬೇಕೆಂದಲ್ಲಿ ಸಿಗುತ್ತದೆ.’ ಪ್ರಾಣಕ್ಕೆ ಕುತ್ತು ಬಂದಾಗ ಎಲ್ಲ ಅನ್ನಕ್ಕೂ ಅನುಮತಿಯುಂಟು ಎಂದು ಬ್ರಹ್ಮಸೂತ್ರ ಇದೇ ಕಥೆಯನ್ನು ನೆಚ್ಚಿ ಹೇಳಿದೆ. ಉಷಸ್ತಿ ನಿಯಮವನ್ನು ಎಲ್ಲಿಯವರೆಗೆ ಬಗ್ಗಿಸಬೇಕೋ ಅಲ್ಲಿಯವರೆಗೆ ಮಾತ್ರ ಬಗ್ಗಿಸಿದ. ನಿಮಗಾದರೋ ಎಂಜಲಿನ ಪ್ರಶ್ನೆಯೂ ಇಲ್ಲ, ಶುಚಿಯಾದ ನವಣೆ ಇದೆ.

ಒಂದು ಮಾತನ್ನು ಇಲ್ಲೇ ಬೇರ್ಪಡಿಸಿಬಿಡುತ್ತೇನೆ. ‘ಆಹಾರಶುದ್ಧೌ ಸತ್ತ್ವಶುದ್ಧಿಃ’ ಎಂಬ ಛಾಂದೋಗ್ಯ ವಾಕ್ಯವನ್ನು ಅನ್ನದ ಮಾತಿನೊಡನೆ ಕಲಸುವವರಿದ್ದಾರೆ. ಅಲ್ಲಿರುವ ಪದ ಆಹಾರ. ಒಳಗೆ ತೆಗೆದುಕೊಳ್ಳುವುದೆಲ್ಲ ಆಹಾರ ಎಂದು ಶಂಕರರು ಅದನ್ನು ಶಬ್ದ, ರೂಪ ಮೊದಲಾದ ಇಂದ್ರಿಯವಿಷಯಗಳ ಅರಿವಿಗೆ ಅನ್ವಯಿಸಿದರು. ರಾಮಾನುಜರು ತಿನ್ನುವ ಆಹಾರವೆಂದೇ ಹಿಡಿದರು. ಅದು ಬೇರೆಯೇ ಚರ್ಚೆ.

ಈಗ ಪರಿಷೇಚನೆ. ಹಗಲು ‘ಸತ್ಯಂ ತ್ವರ್ತೇನ ಪರಿಷಿಂಚಾಮಿ’ ಎಂದು ತಟ್ಟೆಯ ಸುತ್ತ ನೀರು ಸುತ್ತುತ್ತೀರಿ, ರಾತ್ರಿ ‘ಋತಂ ತ್ವಾ ಸತ್ಯೇನ’ ಎನ್ನುತ್ತೀರಿ. ಅಂಗೈಯ ಗುಳಿಯಲ್ಲಿ ಉದ್ದಿನ ಕಾಳು ಮುಳುಗುವಷ್ಟು ನೀರು ತೆಗೆದುಕೊಂಡು ‘ಅಮೃತೋಪಸ್ತರಣಮಸಿ’ ಎಂದು ಕುಡಿಯುತ್ತೀರಿ, ಊಟದ ಕೊನೆಗೆ ‘ಅಮೃತಾಪಿಧಾನಮಸಿ’ ಎನ್ನುತ್ತೀರಿ. ಉಪಸ್ತರಣ ಎಂದರೆ ಕೆಳಗೆ ಹಾಸುವುದು, ಅಪಿಧಾನ ಎಂದರೆ ಮೇಲೆ ಮುಚ್ಚುವುದು. ‘ನನಗೆ ಅನ್ನ ಯಾವುದು, ಬಟ್ಟೆ ಯಾವುದು’ ಎಂದು ಪ್ರಾಣ ಕೇಳಿದಾಗ ಇತರ ಇಂದ್ರಿಯಗಳು ಕೊಟ್ಟ ಉತ್ತರ ಛಾಂದೋಗ್ಯದಲ್ಲಿದೆ: ನಾಯಿ ಹಕ್ಕಿಗಳವರೆಗೆ ಯಾವ ಜೀವಿ ಏನನ್ನು ತಿನ್ನುತ್ತದೆಯೋ ಅದೆಲ್ಲ ನಿನ್ನ ಅನ್ನ, ನೀರು ನಿನ್ನ ಬಟ್ಟೆ. ಊಟದ ಮೊದಲಿಗೂ ಕೊನೆಗೂ ನೀರು ಕುಡಿಯುವುದು ಪ್ರಾಣಕ್ಕೆ ಉಡಿಸುವ ಬಟ್ಟೆ. ಈ ಕ್ರಿಯೆಯಲ್ಲಿ ಉಣ್ಣುವವನು ನೀವಲ್ಲ, ನಿಮ್ಮೊಳಗಿನ ಪ್ರಾಣ.

ಊಟದ ಮೊದಲಿಗೆ ಪ್ರಾಣಗಳಿಗೆ ಅರ್ಪಿಸುವ ಐದು ಆಹುತಿಗಳ ಮಾತು ಬರುವುದೂ ಅದೇ ಅಧ್ಯಾಯದಲ್ಲಿ. ಅಲ್ಲಿನ ವಾಕ್ಯವನ್ನು ಅಕ್ಷರ ಬಿಡಿಸಿ ಓದಿ: ‘ತದ್ಯದ್ಭಕ್ತಂ ಪ್ರಥಮಮಾಗಚ್ಛೇತ್ ತದ್ಧೋಮೀಯಂ’. ಯಾವ ಊಟ ಮೊದಲು ಮುಂದೆ ಬರುತ್ತದೆಯೋ ಅದು ಹೋಮಕ್ಕೆ ಸಲ್ಲುವ ದ್ರವ್ಯ. ಧಾನ್ಯದ ಹೆಸರಿಲ್ಲ. ನಾಳೆ ನಿಮ್ಮ ಮುಂದೆ ಮೊದಲು ಬರುವುದು ಮುದ್ದೆಯಾದರೆ, ತುಪ್ಪ ಸವರಿ ಐದು ಚಿಕ್ಕ ತುತ್ತು ಮುರಿದುಕೊಳ್ಳಿ. ‘ಪ್ರಾಣಾಯ ಸ್ವಾಹಾ’ ಎಂದು ಮೊದಲನೆಯದನ್ನು ಎಂದಿನಂತೆ ಹಲ್ಲಿಗೆ ತಾಗಿಸದೆ ನುಂಗಿ. ಮುದ್ದೆಯನ್ನು ಜಗಿಯದೆ ನುಂಗುವುದನ್ನು ತಿಪಟೂರಿನವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ.